ನಾಯಿಯ ತಳಿ ಕಾಯ್ದವರಿಗೂ ಒಂದು ಸ್ಮರಣೆ



ಮುಧೋಳದ ಬೇಟೆನಾಯಿಯ ಕೀರ್ತಿಯನ್ನು ವರ್ಣಿಸುವಾಗಲೆಲ್ಲ, ಆ ಸಂಸ್ಥಾನದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ನಾಯಿಗಳ ಜೋಡಿಯೊಂದನ್ನು ಕಾಣಿಕೆಯಿತ್ತುದು, 2005ರಲ್ಲಿ ಅಂಚೆ ಇಲಾಖೆಯು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದುದು ಮೊದಲಾದ ಸಂಗತಿಗಳು ತಪ್ಪದೆ ಉಲ್ಲೇಖಗೊಳ್ಳುತ್ತವೆ. ಅರಸರ ಸ್ಮರಣೆ ಯುಕ್ತವೇ ಸರಿ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಬಯಲಿನಲ್ಲಿ ತೋಳನ ಭಯದ ನಡುವೆ ಕುರಿಹಟ್ಟಿಯ ಮಗ್ಗುಲಲ್ಲೇ ಮಲಗಿ, ತಾನುಣ್ಣುವ ಜೋಳದ ಅಂಬಲಿಯಲ್ಲಿ ಮರಿಗೂ ಪಾಲಿಟ್ಟು, ಮಾಗಿಯ ಚಳಿಯಲ್ಲಿ ಅದನ್ನು ಕಂಬಳಿಯ ಮಡಿಕೆಯೊಳಗೆ ಸೇರಿಸಿಕೊಂಡು, ಯಾವ ಹೆಣ್ಣಿಗೆ ಯಾವ ಗಂಡು ಎಂಬುದನ್ನು ಕೇವಲ ನೆನಪಿನ ಬಲದಿಂದ ನಿಶ್ಚಯಿಸಿ, ಅಂಥ ಸಪೂರ ಮೈಕಟ್ಟಿನ ನಾಯಿಗಳನ್ನು ಪೋಷಿಸಿದ ಕುರಿಗಾಹಿಯು ಗತಿಸಿದಾಗ, ಅವನ ಹೆಸರಾಗಲಿ, ಅವನ ಜ್ಞಾನವಾಗಲಿ ಯಾವ ಕಡತದಲ್ಲಿಯೂ ಉಳಿಯದು.

ಮುಧೋಳದ ಬಳಿ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ, ಶ್ವಾನ ಸಂಶೋಧನಾ ಕೇಂದ್ರವೊಂದಿದೆ. ಆ ಕೇಂದ್ರದವರೂ ನಮ್ಮ ತಾಲ್ಲೂಕುಗಳ ಪಶುವೈದ್ಯರೂ ಒಡಗೂಡಿ, ಬದುಕಿರುವ ವೃದ್ಧರ ಮಾತನ್ನು ಧ್ವನಿಮುದ್ರಿಸಿ, ಅಗಲಿದವರ ನಾಮಾವಳಿಯನ್ನು ಸಿದ್ಧಪಡಿಸಬೇಕೆಂದು ಪ್ರಾರ್ಥಿಸುತ್ತೇನೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕುರಿಗಾಹಿಗಳೆಲ್ಲ ನೆರೆಯುವುದರಿಂದ, ಅಲ್ಲಿಯೇ ಆ ಹೆಸರುಗಳ ಫಲಕವೊಂದನ್ನು ನಿಲ್ಲಿಸಿ, ಜೊತೆಗೆ ನಾಯಿಗಳಿಗೆ ಹುಚ್ಚುರೋಗದ ಲಸಿಕೆಯನ್ನೂ ಹಾಕಬಹುದು. ಕರಿಕಂಬಳಿ ಹೊದ್ದ ಗೊರವರು ತಾವೇ ಮೈಲಾರದೇವರ ನಾಯಿಗಳೆಂದು ಬೊಗಳಿ ಭಕ್ತಿ ಮೆರೆಯುವ ಕ್ಷೇತ್ರದಲ್ಲಿ ಇದು ಅತಿಯೆನಿಸದು! ಹಿಂಡುಗಳು ವಲಸೆ ಹೊರಡುವ ಮುನ್ನವೇ ಹಟ್ಟಿಗಳಿಗೆ ಹೋಗಿ ಧ್ವನಿಮುದ್ರಣದ ಕಾರ್ಯವನ್ನಾರಂಭಿಸುವುದು ಲೇಸು. ಆಮೇಲೆ ಕುರಿಗಾಹಿಗಳನ್ನು ಹುಡುಕುವುದು ಕಷ್ಟ.

ಇತಿ,
ಓರ್ವ ಓದುಗ, ಕೂಡ್ಲಿಗಿ