ಬೇಗ ನೋಡಬೇಕು, ಬೇಗ ಕ್ಲಿಪ್ ಹಾಕಿಸಬೇಕೆ?

ಶಾಲೆಯಲ್ಲಿ ದಂತ ತಪಾಸಣೆ ನಡೆದ ದಿನ ಮಗು ಚೀಟಿಯೊಂದನ್ನು ಹಿಡಿದು ಮನೆಗೆ ಬರುತ್ತದೆ: ‘ಹಲ್ಲಿನ ಜೋಡಣೆ ಸರಿಯಿಲ್ಲ, ತಜ್ಞರಿಗೆ ತೋರಿಸಿ.’ ಅಪ್ಪ ಅಮ್ಮನ ಕಣ್ಣಮುಂದೆ ಕ್ಲಿಪ್ಪು, ಅದರ ಖರ್ಚು ಸುಳಿಯುತ್ತವೆ. ಅಜ್ಜಿಯದು ಒಂದೇ ಮಾತು: ‘ಹಾಲುಹಲ್ಲು ತಾನೆ, ಬಿದ್ದುಹೋಗ್ತದೆ ಬಿಡಿ.’ ಎರಡು ಕಡೆಯೂ ಅರ್ಧರ್ಧ ಸತ್ಯವಿದೆ.

ಬೇಗ ತೋರಿಸಿ ಎನ್ನುವವರ ವಾದ ಗಟ್ಟಿಯಾದದ್ದೇ. 6ನೇ ವಯಸ್ಸಿನ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಮೇಲಿನ, ಕೆಳಗಿನ ದವಡೆ ಹೇಗೆ ಕೂಡುತ್ತವೆಂಬುದು ಆಗ ತಿಳಿಯತೊಡಗುತ್ತದೆ. 7 ವರ್ಷದೊಳಗೆ ಒಮ್ಮೆ ತೋರಿಸಿ ಎಂದು ಅಮೆರಿಕದ ವಕ್ರದಂತ ತಜ್ಞರ ಸಂಘ ಹೇಳುವುದು ಇದಕ್ಕೇ. ಮಗುವಿಗೆ ಹಲ್ಲು ಕಚ್ಚಲು ಹೇಳಿ, ಕೆನ್ನೆ ಸರಿಸಿ ಟಾರ್ಚ್ ಬಿಟ್ಟು ನೋಡಿ. ಮೇಲಿನ ಸಾಲು ಡಬ್ಬಿಯ ಮುಚ್ಚಳದಂತೆ ಕೆಳಗಿನ ಸಾಲಿನ ಹೊರಗೆ ಕೂರಬೇಕು. ಒಂದು ಪಕ್ಕದಲ್ಲಿ ಒಳಗೆ ಕೂತಿದ್ದರೆ ಮಗು ಗಲ್ಲವನ್ನು ಓರೆ ಮಾಡಿ ಕಚ್ಚುವುದನ್ನು ರೂಢಿಸಿಕೊಳ್ಳುತ್ತದೆ; ಹಾಗೇ ಬಿಟ್ಟರೆ ದವಡೆಯ ಬೆಳವಣಿಗೆಯೂ ಓರೆಯಾಗಬಹುದು. ಇದು ಕಾಯುವ ಕೇಸಲ್ಲ.

ಅಜ್ಜಿಯ ಮಾತು ಸೋಲುವ ಜಾಗ ಇನ್ನೊಂದಿದೆ. ಹುಳುಕು ಹಿಡಿದ ಹಾಲು ದವಡೆಹಲ್ಲನ್ನು ಅವಧಿಗೆ ಮುನ್ನ ಕೀಳಿಸಿದರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ; ಒಸಡಿನೊಳಗೆ ಕಾದಿರುವ ಹಲ್ಲಿಗೆ ಜಾಗವಿಲ್ಲದೆ ಅದು ಸೊಟ್ಟಗೆ ಬರುತ್ತದೆ. ಜಾಗ ಹಿಡಿದಿಡುವ ಒಂದು ಸಣ್ಣ ತಂತಿ ಆಗಲೇ ಕೂರಿಸಿದ್ದರೆ ಎಷ್ಟೋ ಸಲ ಮುಂದಿನ ದೊಡ್ಡ ಚಿಕಿತ್ಸೆ ಹಗುರಾಗುತ್ತದೆ.

ಕಾಯೋಣ ಎನ್ನುವವರ ಬಳಿಯೂ ಪುರಾವೆಯಿದೆ. 8–9ರ ಮಗುವಿನ ಮೇಲಿನ ಬಾಚಿಹಲ್ಲುಗಳ ನಡುವೆ ಕಾಣುವ ಸಂದು ಹೆಚ್ಚಾಗಿ ಬೆಳವಣಿಗೆಯ ಒಂದು ಹಂತವಷ್ಟೆ. 11–12ರ ಸುಮಾರಿಗೆ ಕೋರೆಹಲ್ಲು ಇಳಿದಾಗ ತಾನಾಗಿ ಕೂಡಿಕೊಳ್ಳುತ್ತದೆ. ಉಬ್ಬುಹಲ್ಲಿಗೆ ಚಿಕ್ಕಂದಿನಲ್ಲೊಮ್ಮೆ, ಹದಿವಯಸ್ಸಿನಲ್ಲೊಮ್ಮೆ ಚಿಕಿತ್ಸೆ ಕೊಡುವುದನ್ನೂ ಹದಿವಯಸ್ಸಿನಲ್ಲಿ ಒಂದೇ ಸಲ ಕೊಡುವುದನ್ನೂ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಹೋಲಿಸಿ ನೋಡಿದೆ. ಕೊನೆಯ ಫಲ ಹೆಚ್ಚುಕಡಿಮೆ ಒಂದೇ. ಬೇಗ ಶುರು ಮಾಡಿದವರಿಗೆ ಸಿಕ್ಕ ಸ್ಪಷ್ಟ ಲಾಭ, ಬಿದ್ದು ಪೆಟ್ಟಾಗಿ ಮುಂದಿನ ಹಲ್ಲು ಮುರಿಯುವುದು ಕಡಿಮೆಯಾದದ್ದು. ಮೈದಾನದಲ್ಲೇ ಇರುವ ಹುಡುಗನಿಗೆ ಅದು ದೊಡ್ಡ ಲಾಭವೇ. ಉಳಿದವರಿಗೆ ಎರಡು ಸಲದ ಖರ್ಚು, ಓಡಾಟ, ಜೊತೆಗೆ ಸರಿಯಾಗಿ ಉಜ್ಜದಿದ್ದರೆ ಕ್ಲಿಪ್ಪಿನ ಸುತ್ತ ಹುಳುಕಿನ ಭಯ.

ನಮ್ಮಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹಲ್ಲಿನ ತೊಂದರೆಗಳೂ ಸೇರಿವೆ. ತಪಾಸಣೆ ಬೇಕೇ ಬೇಕು. ಆದರೆ ಎಲ್ಲರಿಗೂ ಒಂದೇ ಚೀಟಿ ಕೊಟ್ಟರೆ ದುಡ್ಡಿದ್ದವರು ಗಾಬರಿಯಾಗುತ್ತಾರೆ, ಇಲ್ಲದವರು ಅದನ್ನು ಮಡಚಿಡುತ್ತಾರೆ. ಬ್ರಿಟನ್ನಿನಲ್ಲಿ ಸರ್ಕಾರಿ ಚಿಕಿತ್ಸೆಗೆ ಮುನ್ನ ಅಗತ್ಯವನ್ನು 5 ದರ್ಜೆಗಳಾಗಿ ವಿಂಗಡಿಸುತ್ತಾರೆ. ನೋಡಲಷ್ಟೇ ತುಸು ಸೊಟ್ಟಗಿರುವ ಹಲ್ಲು ಆದ್ಯತೆಯಲ್ಲಿ ಹಿಂದಕ್ಕೆ ಸರಿಯುತ್ತದೆ. ನಮ್ಮ ಚೀಟಿಯಲ್ಲೂ ಮೂರು ಸಾಲು ಇರಲಿ: ಈಗಲೇ ತೋರಿಸಿ, ಆರು ತಿಂಗಳಿಗೊಮ್ಮೆ ನೋಡೋಣ, ಏನೂ ಬೇಡ. ‘ಈಗಲೇ’ ಎಂದಲ್ಲಿ ಯಾವ ಸರ್ಕಾರಿ ಆಸ್ಪತ್ರೆಗೆ, ಯಾವ ದಿನ ಎಂಬುದನ್ನೂ ಬರೆದುಕೊಡಬೇಕು. ಹಾಲುಹಲ್ಲಿನ ಹುಳುಕು ತುಂಬಿಸುವುದು, ಬೆರಳು ಚೀಪುವುದನ್ನು ಬಿಡಿಸುವುದು ಮಾತ್ರ ಯಾವ ಚೀಟಿಗೂ ಕಾಯಬೇಕಿಲ್ಲ.