ಇದ್ದರೆ ಕೊಡುತ್ತಿದ್ದೆ: ಈಗಲೋ, ಆಗಲೋ?

‘ದುಡ್ಡಿದ್ದರೆ ಕೊಡುತ್ತಿದ್ದೆ.’ ಇದನ್ನು ಇಂಗ್ಲಿಷಿಗೆ ತಿರುಗಿಸಿ ಎಂದರೆ ಹತ್ತನೇ ತರಗತಿಯ ಜಾಣ ವಿದ್ಯಾರ್ಥಿಯೂ ತಡವರಿಸುತ್ತಾನೆ. ತಪ್ಪು ಅವನದಲ್ಲ. ದುಡ್ಡು ಇಲ್ಲದ್ದು ಈಗಲೋ, ಹೋದ ವರ್ಷವೋ? ಕನ್ನಡ ಅದನ್ನು ಸಂದರ್ಭಕ್ಕೆ ಬಿಟ್ಟುಬಿಡುತ್ತದೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ.

ಈಗ ಇಲ್ಲ ಎಂದಾದರೆ ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್ ಇಟ್ ಟು ಯು’. ಆಗ ಇರಲಿಲ್ಲ ಎಂದಾದರೆ ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್ ಇಟ್ ಟು ಯು’. ಎರಡು ‘ಹ್ಯಾಡ್’ ಅಕ್ಕಪಕ್ಕ ಕುಳಿತಿರುವುದು ಅಚ್ಚಿನ ದೋಷವಲ್ಲ. ಮೊದಲನೆಯದು ಸಹಾಯಕ ಕ್ರಿಯಾಪದ, ಎರಡನೆಯದು ‘ಇರುವುದು’ ಎಂಬ ಅರ್ಥ ಕೊಡುವ ಮುಖ್ಯ ಕ್ರಿಯಾಪದ.

ಈಗಿನ ಮಾತಿಗೆ ಭೂತಕಾಲದ ‘ಹ್ಯಾಡ್’ ಏಕೆ? ಅದು ಇಲ್ಲಿ ಕಾಲವನ್ನು ಹೇಳುತ್ತಿಲ್ಲ, ‘ಇದು ನಿಜವಲ್ಲ’ ಎಂದು ಹೇಳುತ್ತಿದೆ. ನಮಗೂ ಇದು ಹೊಸತೇನಲ್ಲ. ‘ನಾಳೆ ಮಳೆ ಬಂದರೆ’ ಎನ್ನುವಾಗ ‘ಬಂದ’ ಎಂಬ ಭೂತರೂಪವೇ ಒಳಗಿದೆ. ಯಾರೂ ಅದನ್ನು ನಿನ್ನೆಯ ಮಳೆ ಎಂದು ತಿಳಿಯುವುದಿಲ್ಲ. ಆದರೆ ನಾಳೆಯ ಮಳೆ ಬರಬಹುದಾದದ್ದು. ಅದಕ್ಕೆ ಇಂಗ್ಲಿಷಿನಲ್ಲಿ ‘ಇಫ್ ಇಟ್ ರೇನ್ಸ್ ಟುಮಾರೋ’ ಸಾಕು.

ವಿಜ್ಞಾನದ ಪಾಠದಿಂದಲೇ ನೋಡಿ. ಚಂದ್ರನಲ್ಲಿ ಶಬ್ದ ಹರಿಯುವಷ್ಟು ಗಾಳಿ ಇಲ್ಲ, ಇಂದಿಗೂ ಇಲ್ಲ. ಆದ್ದರಿಂದ ‘ಇಫ್ ದ ಮೂನ್ ಹ್ಯಾಡ್ ಏರ್ ಲೈಕ್ ಅವರ್ಸ್, ಸೌಂಡ್ ವುಡ್ ಟ್ರಾವೆಲ್ ದೇರ್’. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ವೇಗ ಸಾಕಷ್ಟು ತಗ್ಗದೆ ನೆಲಕ್ಕೆ ಅಪ್ಪಳಿಸಿತು. ಅದು ನಡೆದುಹೋದ ಸಂಗತಿ: ‘ಇಫ್ ವಿಕ್ರಮ್ ಹ್ಯಾಡ್ ಸ್ಲೋಡ್ ಡೌನ್ ಎನಫ್, ಇಟ್ ವುಡ್ ಹ್ಯಾವ್ ಲ್ಯಾಂಡೆಡ್ ಸೇಫ್ಲಿ’. 2023ರ ಆಗಸ್ಟ್ 23ರಂದು ಚಂದ್ರಯಾನ-3 ಸುಸೂತ್ರವಾಗಿ ಇಳಿಯಿತು. ಹಾಗೆಂದು 2019ರ ವಾಕ್ಯ ಬದಲಾಗದು.

‘ಇಫ್’ ಇರುವ ಭಾಗದಲ್ಲಿ ‘ವುಡ್’ ತುರುಕುವ ಚಾಳಿ ಬಹಳ ಮಕ್ಕಳಲ್ಲಿದೆ. ಅದರ ಜಾಗ ಫಲ ಹೇಳುವ ಭಾಗದಲ್ಲಿ.

ತಂದೆತಾಯಂದಿರು ಗಮನಿಸಬೇಕಾದದ್ದೂ ಒಂದಿದೆ. ಫಲಿತಾಂಶದ ದಿನ ‘ಓದಿದ್ದರೆ ಪಾಸಾಗುತ್ತಿದ್ದೆ’ ಎಂದು ಮಗುವಿಗೆ ಹೇಳುವುದುಂಟು. ‘ಇಫ್ ಯು ಹ್ಯಾಡ್ ಸ್ಟಡೀಡ್, ಯು ವುಡ್ ಹ್ಯಾವ್ ಪಾಸ್ಡ್’: ಮಗು ಇನ್ನೇನೂ ಮಾಡಲಾಗದ ಮಾತು. ಒಂದು ಒತ್ತಕ್ಷರ ಬಿಟ್ಟು ‘ಓದಿದರೆ ಪಾಸಾಗುತ್ತೀಯ’ ಎನ್ನಿ. ‘ಇಫ್ ಯು ಸ್ಟಡಿ, ಯು ವಿಲ್ ಪಾಸ್’. ಮುಂದಿನ ಪರೀಕ್ಷೆ ಇನ್ನೂ ಬಾಕಿಯಿದೆ.

ಅಭ್ಯಾಸಕ್ಕೆ ಎರಡು ವಾಕ್ಯ: ‘ನನಗೆ ರೆಕ್ಕೆ ಇದ್ದರೆ ಹಾರುತ್ತಿದ್ದೆ.’ ‘ನಿನ್ನೆ ಬಸ್ಸು ತಪ್ಪದಿದ್ದರೆ ಸಮಯಕ್ಕೆ ಬರುತ್ತಿದ್ದೆ.’ ಬರೆಯುವ ಮೊದಲು ಈಗಲೋ, ಆಗಲೋ ಎಂದು ಕೇಳಿಕೊಳ್ಳಿ.