ಯಾವ ಪಾರ್ಟ್ ಹೋಗೈತಿ?

ಕುಡತಿನಿಯ ಅಕ್ಕನ ಮನೆ, ಕಳೆದ ಬೇಸಿಗೆಯ ಒಂದು ಮಧ್ಯಾಹ್ನ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದ ಅಕ್ಕನ ಮಗ ಟಿವಿ ಮುಂದೆ ಕೂತು ಗೇಮ್ ಆಡುತ್ತಿದ್ದ. ಹತ್ತು ನಿಮಿಷದಿಂದ ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿದ್ದ ಕನ್ಸೋಲಿನ ಫ್ಯಾನು ಒಮ್ಮೆಲೇ ನಿಂತಿತು, ಪರದೆ ಕಪ್ಪಾಯಿತು. ಬಟನ್ ಒತ್ತಿದರೆ ದೀಪ ಒಂದು ಸಲ ಮಿಣುಕಿ ಆರುತ್ತಿತ್ತು. ಅಡುಗೆಮನೆಯಿಂದಲೇ ಅಕ್ಕ, "ಆಡಿ ಆಡಿ ಕೆಡಿಸಿಕೊಂಡು ಕುಂತಿ, ಹೌದಿಲ್ಲೋ?" ಎಂದಳು. ಅವನ ಅಜ್ಜಿ, "ಪೀಡಾ ಹೋತು ಬಿಡು, ಇನ್ನಾದ್ರೂ ಪುಸ್ತಕ ಹಿಡಿ" ಎಂದರು. ಹುಡುಗ ಎದುರಾಡಲಿಲ್ಲ. ತನ್ನಿಂದಲೇ ಕೆಟ್ಟಿತೆಂದು ಅವನೂ ನಂಬಿದ್ದ. ಎರಡೂವರೆಗೆ ಫಸ್ಟ್ ಶಿಫ್ಟ್ ಮುಗಿಸಿ ಥರ್ಮಲ್‌ನಿಂದ ಬಂದ ಭಾವ, ಬೂಟು ಬಿಚ್ಚುತ್ತಲೇ ಕೇಳಿದ: "ಯಾವ ಪಾರ್ಟ್ ಹೋಗೈತಿ?"

ಆ ಮನೆಯಲ್ಲಿ ಅಂದು ಕೇಳಿಬಂದ ಮೂರು ಮಾತುಗಳಲ್ಲಿ ನ್ಯಾಯವಾದದ್ದು ಇದೊಂದೇ.

ಭಾವನ ಬಾಯಲ್ಲಿ ಆ ಪ್ರಶ್ನೆ ಬಂದದ್ದು ಅವನ ಕೆಲಸದಿಂದ. ಕುಡತಿನಿಯ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ 500 ಮೆಗಾವಾಟ್‌ನ ಎರಡು, 700 ಮೆಗಾವಾಟ್‌ನ ಒಂದು ಘಟಕ ಇವೆ. ಇಂಥ ಘಟಕವೊಂದು ಟ್ರಿಪ್ ಆದರೆ ಮೊದಲು ಹುಡುಕುವುದು ಬಾಯ್ಲರ್ ಟ್ಯೂಬ್ ಸೋರಿತೇ, ಬೇರಿಂಗ್ ಬಿಸಿಯಾಯಿತೇ, ಯಾವ ರಿಲೇ ಎಳೆಯಿತು ಎಂಬುದನ್ನು. ಯಂತ್ರ ಕೆಡುವುದಕ್ಕೆ ಕಾರಣ ಇರುತ್ತದೆ, ಕಾರಣ ಸಿಕ್ಕರೆ ರಿಪೇರಿ ಇರುತ್ತದೆ. ಮನುಷ್ಯನ ತಪ್ಪೂ ಒಂದು ಕಾರಣವಾಗಿರಬಹುದು, ಆದರೆ ಅದು ತನಿಖೆಯ ಕೊನೆಗೆ ಬರಬೇಕಾದ ಮಾತು. ನಮ್ಮ ಮನೆಗಳಲ್ಲಿ ಆಟದ ಯಂತ್ರದ ವಿಷಯಕ್ಕೆ ಮಾತ್ರ ಅದು ಮೊದಲೇ ಬಂದುಬಿಡುತ್ತದೆ.

ಮಿಕ್ಸಿ ಕೆಟ್ಟರೆ ಯಾರೂ "ರುಬ್ಬಿ ರುಬ್ಬಿ ಕೆಡಿಸಿದಿ" ಎನ್ನುವುದಿಲ್ಲ. ಫ್ರಿಜ್ ಕೆಟ್ಟರೆ ಬಿಲ್ಲು ಹುಡುಕುತ್ತಾರೆ, ಅಂಗಡಿಗೆ ಫೋನ್ ಮಾಡುತ್ತಾರೆ, ಗ್ಯಾರಂಟಿ ಕಾರ್ಡಿನ ತಾರೀಖು ನೋಡುತ್ತಾರೆ. ಗೇಮ್ ಕನ್ಸೋಲಿಗೆ ಕೊಟ್ಟ ಹಣ ಎಷ್ಟೋ ಮಿಕ್ಸಿಗಳ ಬೆಲೆಯಾದರೂ ಅದು ಕೆಟ್ಟಾಗ ಹಿರಿಯರಿಗೆ ಸಮಾಧಾನ, ಕಿರಿಯರಿಗೆ ನಾಚಿಕೆ. ಈ ಎರಡರ ನಡುವೆ ದೂರು ಕೊಡುವವರೇ ಇಲ್ಲದೆ ಹೋಗುತ್ತಾರೆ. ಆಡುವುದೇ ಅರ್ಧ ತಪ್ಪು ಎಂದುಕೊಂಡ ಮನೆಯಲ್ಲಿ, ಆಡುವ ವಸ್ತು ಕೆಟ್ಟರೆ ತಪ್ಪು ಆಡಿದವನದೇ ಎನ್ನುವುದು ತಾನಾಗಿಯೇ ತೀರ್ಮಾನವಾಗುತ್ತದೆ. ಇದರಲ್ಲಿ ಲಾಭ ಆಗುವುದು ಕಳಪೆ ವಸ್ತು ಮಾರಿದವನಿಗೆ.

ಆಟದ ಯಂತ್ರಗಳ ಚರಿತ್ರೆಯಲ್ಲಿ ತುಂಬ ಹೆಸರಾದ ದೋಷದ ಕಥೆ ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ 360ರದು. 2005ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಈ ಯಂತ್ರ ಮರುವರ್ಷ ಭಾರತಕ್ಕೂ ಬಂತು. ಅದರ ಪವರ್ ಬಟನ್ ಸುತ್ತ ಹಸಿರು ದೀಪದ ಉಂಗುರ ಇರುತ್ತಿತ್ತು. ಆ ಉಂಗುರದ ಮೂರು ಭಾಗ ಕೆಂಪಗೆ ಮಿನುಗಿತೆಂದರೆ ಯಂತ್ರದ ಕಥೆ ಮುಗಿದ ಹಾಗೆ. ಜಗತ್ತಿನಾದ್ಯಂತ ಇದು ಮತ್ತೆ ಮತ್ತೆ ಆಯಿತು. ರಿಪೇರಿಗೆ ಕಳುಹಿಸಿದ ಯಂತ್ರದ ಬದಲಿಗೆ ಬಂದದ್ದೂ ಅದೇ ರೀತಿ ಸತ್ತ ಮನೆಗಳಿದ್ದವು. 2007ರ ಜುಲೈನಲ್ಲಿ ಕಂಪನಿ ಈ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿತು, ಅದಕ್ಕಾಗಿ 100 ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಕಾರಣವನ್ನು ಬಿಡಿಸಿ ಹೇಳಿದ್ದು ಬಹಳ ತಡವಾಗಿ, 2021ರ 'ಪವರ್ ಆನ್' ಎಂಬ ತನ್ನದೇ ಸಾಕ್ಷ್ಯಚಿತ್ರದಲ್ಲಿ. ಯಂತ್ರ ಆನ್ ಮಾಡಿದಾಗ ಚಿಪ್ ಕಾಯುತ್ತದೆ, ಆಫ್ ಮಾಡಿದಾಗ ಆರುತ್ತದೆ. ಕಾದಾಗ ಹಿಗ್ಗಿ ಆರಿದಾಗ ಕುಗ್ಗುವ ಈ ಎಳೆದಾಟದಲ್ಲಿ ಚಿಪ್ಪಿನೊಳಗಿನ ಸಣ್ಣ ಬೆಸುಗೆಗಳು ಬಿರುಕು ಬಿಡುತ್ತಿದ್ದವು.

ನಾನಿದನ್ನು ಭಾವನಿಗೆ ಹೇಳಿದಾಗ ಅವನಿಗೆ ಏನೂ ಹೊಸದೆನಿಸಲಿಲ್ಲ. ಸದಾ ಓಡುವ ಬಾಯ್ಲರಿಗಿಂತ ನಿಲ್ಲಿಸಿ ಮತ್ತೆ ಹೊತ್ತಿಸುವ ಬಾಯ್ಲರಿನ ಲೋಹ ಬೇಗ ದಣಿಯುತ್ತದೆ, ಅದರಲ್ಲೂ ಪೂರ್ತಿ ತಣ್ಣಗಾದದ್ದನ್ನು ಹೊತ್ತಿಸುವಾಗ ಅವಸರ ಮಾಡಬಾರದು ಎಂದ. ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು. ಎಕ್ಸ್‌ಬಾಕ್ಸ್ ಕೆಟ್ಟದ್ದು ಜಾಸ್ತಿ ಆಡಿದ್ದಕ್ಕೇ ಎನ್ನುವಂತಿಲ್ಲ. ದಿನಕ್ಕೆ ಒಂದೇ ತಾಸು ಆಡಿ ಶಿಸ್ತಾಗಿ ಆಫ್ ಮಾಡಿ ಮಲಗಿದ ಮಗುವಿನ ಮನೆಯಲ್ಲೂ ಆ ಬೆಸುಗೆ ದಿನಕ್ಕೊಮ್ಮೆ ಹಿಗ್ಗಿ ಕುಗ್ಗಿದೆ. ತಾಯಿಯ ಬೈಗುಳಕ್ಕೂ ಆ ಬಿರುಕಿಗೂ ಸಂಬಂಧವೇ ಇರಲಿಲ್ಲ.

ಕಾರಣ ತಿಳಿಯದವರು ಸುಮ್ಮನೆ ಕೂರಲಿಲ್ಲ. ಸತ್ತ ಎಕ್ಸ್‌ಬಾಕ್ಸನ್ನು ಟವೆಲಿನಲ್ಲಿ ಸುತ್ತಿ, ಗಾಳಿಯ ಕಿಂಡಿ ಮುಚ್ಚಿ, ಬೇಕೆಂದೇ ಕಾಯಿಸುತ್ತಿದ್ದರು. ಕೆಲವು ಯಂತ್ರಗಳು ನಿಜಕ್ಕೂ ಎದ್ದವು. ಕಾವಿಗೆ ಬೆಸುಗೆ ಹಿಗ್ಗಿ ಬಿರುಕು ಸ್ವಲ್ಪ ದಿನ ಕೂಡಿಕೊಂಡಿರುತ್ತಿತ್ತು. ಆಮೇಲೆ ಯಂತ್ರ ಮೊದಲಿಗಿಂತ ಕೆಟ್ಟದಾಗಿ ಸಾಯುತ್ತಿತ್ತು. ನಾವು ಬಳ್ಳಾರಿಯಲ್ಲಿ ಬೆಳೆದ ತೊಂಬತ್ತರ ದಶಕದಲ್ಲಿ ಕೆಟ್ಟ ಆಟದ ಯಂತ್ರಕ್ಕೆ ಬೇರೆ ಔಷಧ ಇತ್ತು. ಮಾರಿಯೋ, ಕಾಂಟ್ರಾ ಇದ್ದ ಹಳದಿ ಕ್ಯಾಸೆಟ್ಟು ಹಾಕಿದರೆ ಪರದೆ ಮೇಲೆ ಬರೀ ಗೆರೆ. ಆಗ ಕ್ಯಾಸೆಟ್ಟು ಕಿತ್ತು ಬುಡಕ್ಕೆ ಬಾಯಿಟ್ಟು ಜೋರಾಗಿ ಊದುವುದು. ಒಬ್ಬ ಊದಿ ಆಗದಿದ್ದರೆ ಇನ್ನೊಬ್ಬ. ಓಣಿಯಲ್ಲಿ ಚೆನ್ನಾಗಿ ಊದುವವನೆಂದು ಹೆಸರು ಪಡೆದ ಹುಡುಗನೂ ಇದ್ದ. ಅವನನ್ನು ಕರೆಸುತ್ತಿದ್ದೆವು. ಆಟ ಶುರುವಾಗುತ್ತಿದ್ದದ್ದು ಉಸಿರಿನಿಂದಲ್ಲ, ಕಿತ್ತು ಮತ್ತೆ ಕೂರಿಸಿದಾಗ ತಾಮ್ರದ ಪಟ್ಟಿಗಳು ಸರಿಯಾಗಿ ತಾಕಿದ್ದರಿಂದ. ಉಸಿರಿನ ತೇವ ಆ ಪಟ್ಟಿಗಳನ್ನು ನಿಧಾನವಾಗಿ ತಿನ್ನುತ್ತಿತ್ತು. ಮದ್ದೆಂದು ಮಾಡಿದ್ದೇ ರೋಗ ಬೆಳೆಸುತ್ತಿತ್ತು.

ಕುಡತಿನಿಯವರಿಗೆ ಕಾರಣದ ಹುಡುಕಾಟ ಅಪರಿಚಿತವಲ್ಲ. ಊರ ಹತ್ತಿರದ ಬೂದಿದಿಬ್ಬ ನವಶಿಲಾಯುಗದ್ದು. ಇಂಥ ದಿಬ್ಬಗಳನ್ನು ರಕ್ಕಸರನ್ನು ಸುಟ್ಟ ಜಾಗ ಎನ್ನುತ್ತಿದ್ದರು. ಹಂಪಿ ಬಳಿಯ ನಿಂಬಾಪುರದ ದಿಬ್ಬ ಜನರ ಪಾಲಿಗೆ ಇವತ್ತಿಗೂ ವಾಲಿಯ ಚಿತೆಯ ಬೂದಿ. ಬ್ರಿಟಿಷ್ ಕಾಲದಲ್ಲಿ ಜ್ವಾಲಾಮುಖಿಯ ಮಾತೂ ಬಂದಿತ್ತು. 1960ರ ಸುಮಾರಿಗೆ ಝಾಯ್ನರ್ ಎಂಬ ವಿದ್ವಾಂಸ ಬಳ್ಳಾರಿ ಸೀಮೆಯ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅದು ಸುಟ್ಟ ದನದ ಸಗಣಿ ಎಂದು ತೋರಿಸಿದರು. ದಿಬ್ಬ ಕಟ್ಟಿದವರು ದನಗಾಹಿಗಳು. ವಾಲಿಯ ಕಥೆ ಸುಂದರ, ಅದು ಉಳಿಯಲಿ. ಆದರೆ ಆ ದಿಬ್ಬ ಯಾರದು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಬೂದಿಯನ್ನೇ ಕೈಗೆತ್ತಿಕೊಂಡು ನೋಡಿದಾಗ.

ಹಾಗಾದರೆ ಮಾಲೀಕನ ಹೊಣೆ ಏನೂ ಇಲ್ಲವೇ? ಇದೆ. ನಾವು ಕನ್ಸೋಲನ್ನು ಬಳ್ಳಾರಿಗೆ ಒಯ್ದೆವು. ರಿಪೇರಿಯ ಹುಡುಗ ಮುಚ್ಚಳ ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳ ಮೇಲೆ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಬೆರಳಲ್ಲಿ ಹಿಡಿದೆಳೆದರೆ ಒಂದೇ ತುಂಡಾಗಿ ಬಂತು. ಚಿಪ್ಪಿನ ಮೇಲಿನ, ಶಾಖ ದಾಟಿಸುವ ಪೇಸ್ಟು ಒಣಗಿ, ಉಗುರು ತಾಗಿಸಿದರೆ ಹಳೆ ಗೋಡೆಯ ಸುಣ್ಣದಂತೆ ಉದುರಿತು. ಮೂರು ತಿಂಗಳಿಗೊಮ್ಮೆ ಕಿಂಡಿಗಳಿಗೆ ಬ್ರಷ್ ಆಡಿಸಿದ್ದರೆ ಧೂಳು ಇಷ್ಟು ಕಟ್ಟುತ್ತಿರಲಿಲ್ಲ, ಒಪ್ಪುತ್ತೇನೆ.

ಆದರೆ ಅಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಪ್ಲೇಸ್ಟೇಷನ್‌ನಂಥ ಕನ್ಸೋಲಿನ ಪುಸ್ತಿಕೆಯಲ್ಲಿ, ಯಂತ್ರವನ್ನು 5ರಿಂದ 35 ಡಿಗ್ರಿ ಸೆಲ್ಸಿಯಸ್ ಇರುವ ಕಡೆ ಬಳಸಿ ಎಂದು ಬರೆದಿರುತ್ತದೆ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ಮಧ್ಯಾಹ್ನ 40 ದಾಟುವುದು ಹೊಸ ಸಂಗತಿಯಲ್ಲ, ಮಕ್ಕಳಿಗೆ ರಜೆ ಇರುವುದೂ ಆಗಲೇ. ಎಸಿ ಇಲ್ಲದ ಮನೆಗೆ, ಇದೇ ಸೀಮೆಯ ಅಂಗಡಿಯಲ್ಲಿ ಯಂತ್ರ ಮಾರಿ, ರಜೆಯಲ್ಲಿ ಆಡಿದ್ದೇ ತಪ್ಪು ಎಂದರೆ ಹೇಗೆ? ಅಳಿಯನ ಕನ್ಸೋಲಿಗೆ ಇನ್ನೂ ವಾರಂಟಿ ಇತ್ತು. ನಾವು ಮೊದಲು ಹೋದದ್ದು ಸರ್ವಿಸ್ ಸೆಂಟರಿಗೇ. ಕೌಂಟರಿನಲ್ಲಿದ್ದವರು ಯಂತ್ರವನ್ನು ಬಿಚ್ಚದೆ, ಕಿಂಡಿಯೊಳಗೆ ಟಾರ್ಚ್ ಬಿಟ್ಟು, "ಡಸ್ಟ್ ಇದೆ, ವಾರಂಟಿ ಬರಲ್ಲ" ಎಂದರು. ಹುಡುಗ ನನ್ನ ಮುಖ ನೋಡಿ, "ನಾನು ಹೇಳಿಲ್ಲೇನ್ ಮಾಮ, ನನ್ನಿಂದನ" ಎಂದ. ಆ ಮಾತು ನನಗೆ ಯಂತ್ರ ಕೆಟ್ಟದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ದೂರು ಕೊಟ್ಟವರಿಂದ ಏನಾಯಿತು ಎನ್ನುವುದಕ್ಕೆ ನಿಂಟೆಂಡೊ ಸ್ವಿಚ್ ಸಾಕ್ಷಿ. 2017ರಲ್ಲಿ ಬಂದ ಈ ಯಂತ್ರದ ಕೈಹಿಡಿಗಳ ಜಾಯ್‌ಸ್ಟಿಕ್ ಕಡ್ಡಿ, ಯಾರೂ ಮುಟ್ಟದಿದ್ದರೂ ಆಟದ ಪಾತ್ರವನ್ನು ಒಂದು ಕಡೆಗೆ ಎಳೆಯುತ್ತಿತ್ತು. ನಿನ್ನ ಕೈ ಒರಟು ಎಂದು ಎಷ್ಟೋ ಮಕ್ಕಳು ಕೇಳಿಸಿಕೊಂಡಿರಬೇಕು. 2020ರಲ್ಲಿ ಕಂಪನಿಯ ಅಧ್ಯಕ್ಷ ಫುರುಕಾವಾ ಕ್ಷಮೆ ಕೇಳಿದರು. ಯುರೋಪಿನ ಗ್ರಾಹಕ ಸಂಘಟನೆಗಳು 2021ರಲ್ಲಿ ಸುಮಾರು 25,000 ಜನರ ಅನುಭವ ಕಲೆಹಾಕಿ ಯುರೋಪಿಯನ್ ಕಮಿಷನ್‌ಗೆ ದೂರಿತ್ತವು. 2023ರಲ್ಲಿ, ವಾರಂಟಿ ಮುಗಿದಿದ್ದರೂ ಉಚಿತವಾಗಿ ದುರಸ್ತಿ ಮಾಡಿಕೊಡುವುದಾಗಿ ಕಂಪನಿ ಅಲ್ಲಿನ ಗ್ರಾಹಕರಿಗೆ ಮಾತು ಕೊಟ್ಟಿತು. ಆ ಸಾವಿರಾರು ಜನ ತಂತಮ್ಮ ಮನೆಯಲ್ಲಿ ಮಕ್ಕಳನ್ನು ಬೈದು ಸುಮ್ಮನಾಗಿದ್ದರೆ ಆ ಮಾತು ಬರುತ್ತಿರಲಿಲ್ಲ.

ನಮ್ಮಲ್ಲೂ ದಾರಿ ಇದೆ, ಹೋಗುವವರು ಕಡಿಮೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲೇ ಇರಲಿ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ದೂರು ಕೊಡಲು ಎರಡು ವರ್ಷದ ಅವಧಿ ಇದೆ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ಸಹಾಯವಾಣಿ ದೂರನ್ನು ಕಂಪನಿಗೆ ಮುಟ್ಟಿಸುತ್ತದೆ. ಇವುಗಳಲ್ಲಿ ಎಲ್ಲಿಯೂ 'ಆಟದ ವಸ್ತುಗಳನ್ನು ಬಿಟ್ಟು' ಎಂದು ಬರೆದಿಲ್ಲ.

ಆ ಸಂಜೆ ಮನೆಗೆ ಬಂದು ಹುಡುಗನ ಕೈಯಲ್ಲೇ ದೂರು ಬರೆಸಿದೆವು. ಕೊಂಡ ದಿನ, ಮೊದಲ ಸಲ ನಿಂತ ದಿನ, ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಆಗ ದೀಪದ ಬಣ್ಣ ಯಾವುದು, ಎಲ್ಲವನ್ನೂ ಭಾವ ಒಂದೊಂದಾಗಿ ಕೇಳುತ್ತಾ ಹೋದ, ಥರ್ಮಲ್‌ನ ಲಾಗ್ ಪುಸ್ತಕ ತುಂಬಿಸುವ ಹಾಗೆ. ಹುಡುಗನಿಗೆ ಎಲ್ಲವೂ ನೆನಪಿತ್ತು. ಬರೆಯುತ್ತಾ ಬರೆಯುತ್ತಾ ಅವನ ದನಿ ಗಟ್ಟಿಯಾಯಿತು. ಬಿಲ್ಲನ್ನು ಮಾತ್ರ ಅರ್ಧ ತಾಸು ಹುಡುಕಬೇಕಾಯಿತು, ಅದು ಹಳೆ ನೋಟ್‌ಬುಕ್ಕಿನಲ್ಲಿ ಮಡಿಚಿ ಬಿದ್ದಿತ್ತು. ಜೆರಾಕ್ಸ್ ಮಾಡಿಸಿದ ಮೇಲೆ ಅಕ್ಕ ಅದನ್ನು ಅವನ ಕೈಯಿಂದ ತಗೊಂಡಳು. ರೇಷನ್ ಕಾರ್ಡು, ಗ್ಯಾಸ್ ಪುಸ್ತಕ, ಮನೆಯ ಕಂದಾಯದ ರಸೀದಿ ಇಡುವ ಪ್ಲಾಸ್ಟಿಕ್ ಚೀಲ ಬಿಚ್ಚಿ, ಅವುಗಳ ಜೊತೆಗೇ ಇಟ್ಟಳು.